ಕಡಿಮೆ ಪವರ್, ಜಾಸ್ತಿ ಆಕಾಶ: ಯಾವ ಐಪೀಸ್ ತಗೊಳ್ಳಲಿ?

(ಈ ವಾರ ನಮ್ಮ ಗುಂಪಿನ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿರುವವರು ದೂರದರ್ಶಕದ ಕನ್ನಡಿ ಉಜ್ಜುವ, ಹಳೆಯ ಲೆನ್ಸ್‌ಗಳನ್ನು ಸರಿಮಾಡುವ ಕೆಲಸದಲ್ಲಿರುವ ಮೇಡಂ. ಐಪೀಸ್, ಅಂದರೆ ದೂರದರ್ಶಕದಲ್ಲಿ ಕಣ್ಣಿಟ್ಟು ನೋಡುವ ಲೆನ್ಸ್ ಕೊಳವೆ, ಅವರು ಮಾರುವುದಿಲ್ಲ.)

ಪ್ರಶ್ನೆ, ತುಮಕೂರಿನಿಂದ

ಮೇಡಂ, ನನ್ನ ಹತ್ತಿರ 8 ಇಂಚಿನ ಡಾಬ್ಸೋನಿಯನ್ (ಸರಳ ಪೀಠದ ಮೇಲೆ ಕೂರುವ ಕನ್ನಡಿ ದೂರದರ್ಶಕ, ಚಿಕ್ಕದಾಗಿ ಡಾಬ್) ಇದೆ. ಫೋಕಲ್ ಲೆಂತ್ (ಕನ್ನಡಿಯಿಂದ ಬೆಳಕು ಒಂದೆಡೆ ಸೇರುವವರೆಗಿನ ದೂರ) 1200 ಎಂಎಂ. ಜೊತೆಗೆ ಬಂದಿದ್ದು 25 ಮತ್ತು 10 ಎಂಎಂ ಪ್ಲಾಸಲ್ (ನಾಲ್ಕು ಲೆನ್ಸಿನ ಸಾಮಾನ್ಯ ಬಗೆಯ) ಐಪೀಸ್. ಚಂದ್ರ, ಗುರು, ಶನಿ ಚೆನ್ನಾಗಿ ಕಾಣುತ್ತವೆ. ಆದರೆ ಕೃತ್ತಿಕೆ ನೋಡಿದರೆ ಮನಸ್ಸು ತುಂಬುವುದಿಲ್ಲ. ನಕ್ಷತ್ರಗಳೆಲ್ಲ ಅಂಚಿಗೆ ಒತ್ತಿಕೊಂಡು ನಿಂತಿರುತ್ತವೆ, ಸುತ್ತ ಆಕಾಶವೇ ಇಲ್ಲ. ಅಂಗಡಿಯಲ್ಲಿ ಕೇಳಿದೆ. 40 ಎಂಎಂ ಪ್ಲಾಸಲ್ ತಗೊಳ್ಳಿ, ಎಂಎಂ ಜಾಸ್ತಿ ಆದಷ್ಟೂ ಆಕಾಶ ಜಾಸ್ತಿ ಅಂದರು. ಸರಿನಾ? ನನಗೆ 52 ವರ್ಷ. ದೂರದ ಕನ್ನಡಕ ಇದೆ, ಚೀಟಿಯಲ್ಲಿ ಸಿಲಿಂಡರ್ (ಒಂದು ದಿಕ್ಕಿಗೆ ಮಾತ್ರ ಬೇಕಾಗುವ ಪವರ್) 1.5 ಅಂತಿದೆ. ನೋಡುವುದು ಮನೆ ತಾರಸಿಯಿಂದ. ಅಮಾವಾಸ್ಯೆ ಹೊತ್ತಿಗೆ ಊರಾಚೆ ತೋಟಕ್ಕೂ ಒಯ್ಯುತ್ತೇನೆ.

ಉತ್ತರ

40 ಎಂಎಂ ಪ್ಲಾಸಲ್ ಬೇಡ. 32 ಎಂಎಂ ಪ್ಲಾಸಲ್ ತೋರಿಸುವುದಕ್ಕಿಂತ ಒಂದು ಚೂರೂ ಹೆಚ್ಚು ಆಕಾಶವನ್ನು ಅದು ತೋರಿಸುವುದಿಲ್ಲ. ಕಾರಣ ಐಪೀಸಿನ ಒಳಗೇ ಇದೆ, ನೀವೇ ನೋಡಬಹುದು.

ನಿಮ್ಮ 25 ಎಂಎಂ ತೆಗೆದುಕೊಂಡು, ಫೋಕಸರ್ (ಐಪೀಸ್ ಕೂರುವ, ಹಿಂದೆ ಮುಂದೆ ಆಡುವ ಕೊಳವೆ) ಒಳಗೆ ಹೋಗುವ ತುದಿಯಿಂದ ಇಣುಕಿ. ಒಂದು ಕಪ್ಪು ಉಂಗುರ ಕಾಣುತ್ತದೆ. ಅದು ಫೀಲ್ಡ್ ಸ್ಟಾಪ್. ಐಪೀಸಿನಲ್ಲಿ ಕಾಣುವ ಆಕಾಶದ ದುಂಡನೆಯ ಅಂಚು ಅದೇ ಉಂಗುರದ್ದು. ಎಷ್ಟು ಆಕಾಶ ಕಾಣಬೇಕು ಅನ್ನುವುದನ್ನು ತೀರ್ಮಾನಿಸುವುದು ಆ ಉಂಗುರದ ಅಗಲ, ಮೇಲೆ ಬರೆದಿರುವ ಎಂಎಂ (ಐಪೀಸಿನ ಫೋಕಲ್ ಲೆಂತ್) ಅಲ್ಲ. ಲೆಕ್ಕ ಸುಲಭ. ಉಂಗುರದ ಅಗಲವನ್ನು ದೂರದರ್ಶಕದ ಫೋಕಲ್ ಲೆಂತ್‌ನಿಂದ ಭಾಗಿಸಿ, 57.3ರಿಂದ ಗುಣಿಸಿ. ಬಂದದ್ದು ಡಿಗ್ರಿಯಲ್ಲಿ ಆಕಾಶ.

1.25 ಇಂಚಿನ ಐಪೀಸ್ ಕೊಳವೆಯೊಳಗೆ ಸುಮಾರು 27 ಎಂಎಂಗಿಂತ ದೊಡ್ಡ ಉಂಗುರ ಕೂರುವುದಿಲ್ಲ. 32 ಎಂಎಂ ಪ್ಲಾಸಲ್ ಆ 27 ಎಂಎಂ ಅನ್ನು ಪೂರ್ತಿ ಬಳಸಿಕೊಂಡಾಗಿರುತ್ತದೆ. ಹಾಗಾಗಿ 40 ಎಂಎಂಗೂ ಅದೇ ಉಂಗುರ. ಪವರ್ (ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದು) ಕಮ್ಮಿಯಾಗುತ್ತದೆ, ಆಕಾಶ ಅಷ್ಟೇ ಇರುತ್ತದೆ. ಕಣ್ಣಿಗೆ ಕಾಣುವ ದುಂಡು ಮಾತ್ರ 50 ಡಿಗ್ರಿಯಿಂದ 43ಕ್ಕೆ ಕುಗ್ಗುತ್ತದೆ. ಕೊಳವೆಯೊಳಗಿಂದ ನೋಡಿದ ಹಾಗೆ ಅನಿಸುತ್ತದೆ. ಕಣ್ಣನ್ನು ಲೆನ್ಸಿನಿಂದ ಸಾಕಷ್ಟು ದೂರ ಹಿಡಿಯಬೇಕಾದ್ದರಿಂದ ಆಗಾಗ ದೃಶ್ಯವೇ ಕಪ್ಪಾಗಿ ಹೋಗುತ್ತದೆ.

ನಿಮ್ಮ ಡಾಬ್‌ನಲ್ಲಿ 27 ಎಂಎಂ ಉಂಗುರ ಅಂದರೆ 1.29 ಡಿಗ್ರಿ. ಈಗಿನ 25 ಎಂಎಂ ಸುಮಾರು 1.1 ಡಿಗ್ರಿ ಕೊಡುತ್ತಿದೆ. ಕೃತ್ತಿಕೆಯ ಮುಖ್ಯ ನಕ್ಷತ್ರಗಳೇ ಒಂದು ಡಿಗ್ರಿಯಷ್ಟು ಹರಡಿವೆ, ಇಡೀ ಗುಂಪು ಹತ್ತಿರ ಹತ್ತಿರ 2 ಡಿಗ್ರಿ. 1.1ರಿಂದ 1.29ಕ್ಕೆ ಹೋದರೆ ನಿಮ್ಮ ಆಸೆ ತೀರುವುದಿಲ್ಲ. ಗೊಂಚಲು ಗೊಂಚಲಾಗಿ ಕಾಣಬೇಕಾದರೆ ಸುತ್ತ ಖಾಲಿ ಜಾಗ ಬೇಕು.

ನಿಮ್ಮ ಫೋಕಸರ್ ನೋಡಿ. 8 ಇಂಚಿನ ಡಾಬ್‌ಗಳಲ್ಲಿ ಸಾಮಾನ್ಯವಾಗಿ 2 ಇಂಚಿನ ಫೋಕಸರ್ ಇರುತ್ತದೆ, 1.25 ಇಂಚಿನ ಐಪೀಸ್ ಕೂರಿಸಲು ಮೇಲೊಂದು ಅಡಾಪ್ಟರ್ ಹಾಕಿರುತ್ತಾರೆ. ಅದನ್ನು ಬಿಚ್ಚಿದರೆ 2 ಇಂಚಿನ ಬಾಯಿ ಸಿಗುತ್ತದೆ. ಅಲ್ಲಿ ಸುಮಾರು 46 ಎಂಎಂವರೆಗಿನ ಉಂಗುರ ಕೂರುತ್ತದೆ. ಲೆಕ್ಕ ಹಾಕಿ, 2.2 ಡಿಗ್ರಿ. ಕೃತ್ತಿಕೆ ಪೂರ್ತಿ. ಓರಿಯನ್‌ನ ಖಡ್ಗ ಮೇಲಿಂದ ಕೆಳಗಿನವರೆಗೆ. ಧನು ರಾಶಿಯ ಲಗೂನ್ ಮತ್ತು ಟ್ರಿಫಿಡ್ ನೀಹಾರಿಕೆಗಳು ಒಂದೇ ನೋಟದಲ್ಲಿ. ನಿಮಗೆ ಬೇಕಾದ್ದು 2 ಇಂಚಿನ ಐಪೀಸ್.

ಹಾಗಂತ 2 ಇಂಚಿನಲ್ಲಿ ಸಿಗುವ ಅತಿ ದೊಡ್ಡ ಎಂಎಂ ಕೊಳ್ಳಬೇಡಿ. ಇಲ್ಲಿ ನಿಮ್ಮ ಕಣ್ಣಿನ ವಿಷಯ ಬರುತ್ತದೆ.

ಐಪೀಸಿನಿಂದ ಹೊರಗೆ ಬರುವ ಬೆಳಕು ಒಂದು ಸಣ್ಣ ದುಂಡನೆಯ ಕಂತೆಯಾಗಿ ಬರುತ್ತದೆ. ಅದಕ್ಕೆ ಎಕ್ಸಿಟ್ ಪ್ಯೂಪಿಲ್ ಅನ್ನುತ್ತಾರೆ. ಅದರ ಅಗಲ ಬೇಕಾದರೆ ಐಪೀಸಿನ ಎಂಎಂ ಅನ್ನು ದೂರದರ್ಶಕದ ಎಫ್ ಸಂಖ್ಯೆಯಿಂದ (ಫೋಕಲ್ ಲೆಂತ್ ಅನ್ನು ಕನ್ನಡಿಯ ಅಗಲದಿಂದ ಭಾಗಿಸಿದರೆ ಬರುವುದು) ಭಾಗಿಸಬೇಕು. ನಿಮ್ಮದು ಎಫ್ 5.9. 25 ಎಂಎಂಗೆ 4.2, 30 ಎಂಎಂಗೆ 5.1, 40 ಎಂಎಂಗೆ 6.8 ಎಂಎಂ. ಈ ಕಂತೆ ಪೂರ್ತಿ ಕಣ್ಣಿನ ಪಾಪೆಯೊಳಗೆ ಇಳಿಯಬೇಕು. ಕತ್ತಲಲ್ಲಿ ಹರೆಯದವರ ಪಾಪೆ 7 ಎಂಎಂವರೆಗೂ ಅರಳುತ್ತದೆ. ವಯಸ್ಸಾದಂತೆ ಅದು ಕಿರಿದಾಗುತ್ತದೆ. ಐವತ್ತು ದಾಟಿದ ಅನೇಕರಿಗೆ 5ರ ಆಸುಪಾಸು ಇರುತ್ತದೆ. ಆದರೆ ಒಬ್ಬರಿಂದೊಬ್ಬರಿಗೆ ವ್ಯತ್ಯಾಸ ದೊಡ್ಡದು. ಅದಕ್ಕೇ ಪುಸ್ತಕದ ಅಂಕಿ ನಂಬದೆ ಅಳೆದು ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಅಳೆಯಲು ಒಂದು ಸೆಟ್ ಅಲೆನ್ ಕೀ ಸಾಕು. ಅರ್ಧ ಗಂಟೆ ಕತ್ತಲಲ್ಲಿ ಕುಳಿತು ಕಣ್ಣು ಹೊಂದಿಸಿಕೊಳ್ಳಿ. ಒಂದು ಕಣ್ಣು ಮುಚ್ಚಿ ಪ್ರಕಾಶದ ನಕ್ಷತ್ರವೊಂದನ್ನು ನೋಡಿ. ಕೀಯ ಉದ್ದನೆಯ ಕಾಲನ್ನು ಹುಬ್ಬು ಮತ್ತು ಕೆನ್ನೆಗೆ ಒರಗಿಸಿ, ಕಣ್ಣಿಗೆ ತಾಗಿಸದೆ, ನಕ್ಷತ್ರಕ್ಕೆ ಅಡ್ಡ ಬರುವಂತೆ ನೆಟ್ಟಗೆ ಹಿಡಿಯಿರಿ. ಕೀಯ ಎರಡೂ ಬದಿಯಲ್ಲಿ ನಕ್ಷತ್ರ ಇಣುಕಿದರೆ ನಿಮ್ಮ ಪಾಪೆ ಆ ಕೀಗಿಂತ ಅಗಲ. ಒಂದೊಂದೇ ದಪ್ಪ ಕೀಗೆ ಹೋಗಿ. ಯಾವುದು ನಕ್ಷತ್ರವನ್ನು ಪೂರ್ತಿ ಮರೆಮಾಡುತ್ತದೋ ಅದಕ್ಕಿಂತ ಕಿರಿದು ನಿಮ್ಮ ಪಾಪೆ. ಅಳತೆ ಬರೆದು ಕಳಿಸಿ, ಮುಂದಿನದು ಆಮೇಲೆ ಹೇಳುತ್ತೇನೆ.

ತುಮಕೂರಿನ ಸದಸ್ಯರು, ಎರಡು ದಿನದ ನಂತರ

ಮಾಡಿ ನೋಡಿದೆ ಮೇಡಂ. 5 ಎಂಎಂ ಕೀ ಹಿಡಿದರೆ ನಕ್ಷತ್ರ ಎರಡೂ ಕಡೆ ಕಾಣುತ್ತದೆ. 6 ಎಂಎಂ ಹಿಡಿದರೆ ಮಾಯ. ಫೋಕಸರ್ 2 ಇಂಚಿನದೇ. ಒಂದು ಅನುಮಾನ. ಬೆಳಕು ಪಾಪೆಗಿಂತ ಅಗಲವಾಗಿ ಬಂದರೆ ನಷ್ಟ ಏನು? ಕಣ್ಣಿಗೇನಾದರೂ ತೊಂದರೆಯಾ?

ಉತ್ತರ

ಕಣ್ಣಿಗೆ ಏನೂ ಆಗುವುದಿಲ್ಲ. ನಷ್ಟ ಕನ್ನಡಿಯದ್ದು. ನಿಮ್ಮ ಪಾಪೆ ಐದೂವರೆ ಅಂತ ಇಟ್ಟುಕೊಳ್ಳಿ. 40 ಎಂಎಂ ಐಪೀಸ್ 6.8 ಎಂಎಂ ಕಂತೆ ಕಳಿಸಿದರೆ ಹೊರಸುತ್ತಿನ ಬೆಳಕು ಪಾಪೆಯ ಆಚೆ ಬಿದ್ದು ಹಾಳಾಗುತ್ತದೆ. ಆಗ ನಿಮ್ಮ 203 ಎಂಎಂ ಕನ್ನಡಿ ಸುಮಾರು 164 ಎಂಎಂ ಕನ್ನಡಿಯಷ್ಟೇ ಕೆಲಸ ಮಾಡುತ್ತದೆ. 8 ಇಂಚು ಕೊಂಡು ಆರೂವರೆ ಇಂಚಿನಲ್ಲಿ ನೋಡಿದ ಹಾಗಾಯಿತು, ಅಲ್ವಾ? ದೇವಯಾನಿ ಗೆಲಾಕ್ಸಿಯಂಥ ದೊಡ್ಡದನ್ನು ಒಂದೇ ನೋಟದಲ್ಲಿ ಹಿಡಿಯಲೇಬೇಕು ಅನ್ನುವವರು ಬೇಕೆಂದೇ ಈ ನಷ್ಟ ಒಪ್ಪಿಕೊಳ್ಳುತ್ತಾರೆ. ಅದು ತಪ್ಪಲ್ಲ. ಆದರೆ ದಿನಾ ಬಳಸುವ ಐಪೀಸ್ ಹಾಗಿರಬಾರದು.

ಇನ್ನೊಂದು ಸಂಗತಿ ತಾರಸಿಯದ್ದು, ನನ್ನ ಪ್ರಕಾರ ಇದೇ ಮುಖ್ಯ. ಎಕ್ಸಿಟ್ ಪ್ಯೂಪಿಲ್ ಅಗಲವಾದಷ್ಟೂ ನೀಹಾರಿಕೆಯ ಜೊತೆಗೆ ಬೀದಿದೀಪದಿಂದ ಬೆಳ್ಳಗಾದ ಆಕಾಶವೂ ಬೆಳಗುತ್ತದೆ. ಊರೊಳಗಿನ ಆಕಾಶ 7 ಎಂಎಂನಲ್ಲಿ ಬೂದು ಬಣ್ಣಕ್ಕೆ ತಿರುಗಿ, ಮಂಕು ನಕ್ಷತ್ರಗಳು ಅದರಲ್ಲಿ ಮುಳುಗುತ್ತವೆ. 4ರಿಂದ 5 ಎಂಎಂನಲ್ಲಿ ಹಿನ್ನೆಲೆ ಕಪ್ಪಗೆ ನಿಲ್ಲುತ್ತದೆ. ನಿಮಗೆ ತಾರಸಿಯೂ ಬೇಕು, ತೋಟವೂ ಬೇಕು. ಹಾಗಾಗಿ 5ರ ಹತ್ತಿರ ಇರಲಿ. ಅಂದರೆ 30 ಎಂಎಂ.

30 ಎಂಎಂನಲ್ಲಿ ಎರಡು ದಾರಿ. ಕಣ್ಣಿಗೆ ಕಾಣುವ ದುಂಡು 68ರಿಂದ 70 ಡಿಗ್ರಿ ಅಗಲ ಇರುವುದು ಸುಮಾರು 1.7 ಡಿಗ್ರಿ ಆಕಾಶ ಕೊಡುತ್ತದೆ, ಬೆಲೆ ಕೈಗೆಟುಕುವಂತಿರುತ್ತದೆ. 82 ಡಿಗ್ರಿಯದ್ದು 2 ಡಿಗ್ರಿ ದಾಟುತ್ತದೆ, ಬೆಲೆ ಹಲವು ಪಟ್ಟು, ತೂಕ ಒಂದು ಕೆಜಿಯ ಹತ್ತಿರ. ಅದನ್ನು ಹಾಕಿದ ಕೂಡಲೇ ಡಾಬ್‌ನ ಮೂತಿ ಕೆಳಗೆ ಬಾಗುತ್ತದೆ. ಕೊಳವೆ ಕಬ್ಬಿಣದ್ದಾದರೆ ಹಿಂಭಾಗಕ್ಕೆ ಗಟ್ಟಿ ಆಯಸ್ಕಾಂತ ಅಂಟಿಸಿ ತೂಗಿಸಬಹುದು.

ನಾನಾದರೆ ಮೊದಲು 68 ಡಿಗ್ರಿಯದ್ದು ತೆಗೆದುಕೊಳ್ಳಿ ಅನ್ನುತ್ತೇನೆ. ಪವರ್ 40, ಆಕಾಶ 1.7 ಡಿಗ್ರಿ. ಕೃತ್ತಿಕೆಯ ಮುಖ್ಯ ನಕ್ಷತ್ರಗಳಿಗೆ ಸುತ್ತ ಜಾಗ ಸಿಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ತೋಟದಿಂದ ದಕ್ಷಿಣಕ್ಕೆ ತಿರುಗಿಸಿ ಒಮೆಗಾ ಸೆಂಟಾರಿ ನಕ್ಷತ್ರಗುಚ್ಛ ನೋಡಿ. ಯುರೋಪಿನ ಬಹುತೇಕ ಕಡೆ ಅದು ದಿಗಂತದ ಮೇಲೆ ಏಳುವುದೇ ಇಲ್ಲ. ನಮ್ಮಲ್ಲಿ 29 ಡಿಗ್ರಿ ಎತ್ತರಕ್ಕೆ ಬರುತ್ತದೆ. ಈ ಭಾಗ್ಯವನ್ನು ನಾವು ಸಾಕಷ್ಟು ಬಳಸಿಕೊಳ್ಳುತ್ತಿಲ್ಲ ಅಂತ ನನಗೆ ಯಾವಾಗಲೂ ಅನಿಸುತ್ತದೆ.

ಕನ್ನಡಕದ ವಿಷಯ. ಬರೀ ದೂರದ ಅಥವಾ ಹತ್ತಿರದ ಪವರ್ ಆಗಿದ್ದರೆ ಕನ್ನಡಕ ತೆಗೆದು ಫೋಕಸರ್ ತಿರುಗಿಸಿದರೆ ಆಯಿತು. ಸಿಲಿಂಡರ್ ಪವರನ್ನು ಫೋಕಸರ್ ಸರಿಮಾಡಲಾರದು. ಪಾಪೆಯ ಎಷ್ಟು ಭಾಗ ಬಳಕೆಯಾಗುತ್ತದೋ ಅದರ ತೊಂದರೆಯೂ ಅಷ್ಟು ಕಾಣುತ್ತದೆ. 10 ಎಂಎಂ ಹಾಕಿ ಶನಿ ನೋಡುವಾಗ ನಿಮಗೆ ಗೊತ್ತೇ ಆಗುವುದಿಲ್ಲ, 30 ಎಂಎಂ ಹಾಕಿದಾಗ ಪ್ರತಿ ನಕ್ಷತ್ರವೂ ಸ್ವಲ್ಪ ಎಳೆದ ಹಾಗೆ ಕಾಣುತ್ತದೆ. ಹಾಗಾಗಿ ಕಡಿಮೆ ಪವರ್‌ನಲ್ಲಿ ಕನ್ನಡಕ ಹಾಕಿಕೊಂಡೇ ನೋಡಬೇಕು. ಅದಕ್ಕೆ ಐ ರಿಲೀಫ್ (ಲೆನ್ಸಿನಿಂದ ಕಣ್ಣು ಇರಬೇಕಾದ ದೂರ) 20 ಎಂಎಂ ಹತ್ತಿರ ಇರುವುದನ್ನು, ರಬ್ಬರ್ ಕಪ್ ಮಡಚಲು ಬರುವುದನ್ನು ಆರಿಸಿ. ಕೊಳ್ಳುವ ಮುಂಚೆ ಕನ್ನಡಕ ಹಾಕಿಕೊಂಡು ಅಂಚಿನ ಉಂಗುರ ಪೂರ್ತಿ ಕಾಣುತ್ತದೆಯಾ ನೋಡಿ. ಕಾಣದಿದ್ದರೆ 82 ಡಿಗ್ರಿಗೆ ಕೊಟ್ಟ ದುಡ್ಡು ವ್ಯರ್ಥ.

ಪ್ರಶ್ನೆ, ಹುಬ್ಬಳ್ಳಿಯ ವಿದ್ಯಾರ್ಥಿ

ಅಕ್ಕಾ, ನಂದು 130 ಎಂಎಂ ಟೇಬಲ್‌ಟಾಪ್, ಫೋಕಲ್ ಲೆಂತ್ 650. ಫೋಕಸರ್ 1.25 ಇಂಚು ಮಾತ್ರ. ಹಾಗಾದರೆ ನನಗೆ ಅಗಲ ಆಕಾಶ ಸಿಗೋದೇ ಇಲ್ವಾ? ಬಜೆಟ್ ಕೆಲವೇ ಸಾವಿರ.

ಉತ್ತರ

ತಮ್ಮಾ, ಇಲ್ಲಿ ಬರೆದವರಲ್ಲಿ ಜಾಸ್ತಿ ಆಕಾಶ ಸಿಗುವುದು ನಿನಗೇ! 27 ಎಂಎಂ ಉಂಗುರ, 650 ಎಂಎಂ ಫೋಕಲ್ ಲೆಂತ್. 2.4 ಡಿಗ್ರಿ ಬರುತ್ತದೆ. ಚಿಕ್ಕ ದೂರದರ್ಶಕದ ದೊಡ್ಡ ಗುಣವೇ ಇದು.

32 ಎಂಎಂ ಪ್ಲಾಸಲ್ ತಗೋ. ಪವರ್ 20, ಎಕ್ಸಿಟ್ ಪ್ಯೂಪಿಲ್ 6.4. ನಿನ್ನ ವಯಸ್ಸಿನ ಕಣ್ಣು ಅದನ್ನು ಪೂರ್ತಿ ಒಳಗೆ ತೆಗೆದುಕೊಳ್ಳುವ ಸಾಧ್ಯತೆ ಚೆನ್ನಾಗಿದೆ. ಬೆಲೆ ನಿನ್ನ ಬಜೆಟ್ಟಿಗೆ ಸರಿಹೋಗುತ್ತದೆ. ಪ್ಲಾಸಲ್ ಅಂದರೆ ಹಳೇ ಮಾಲು ಅಂತ ಯಾರಾದರೂ ಅಂದರೆ ತಲೆಕೆಡಿಸಿಕೊಳ್ಳಬೇಡ. ವಿಯೆನ್ನಾದ ಜಾರ್ಜ್ ಸೈಮನ್ ಪ್ಲಾಸಲ್ 1860ರಲ್ಲಿ ಮಾಡಿದ ವಿನ್ಯಾಸ ಅದು. ಎರಡು ಜೋಡಿ, ಒಟ್ಟು ನಾಲ್ಕು ಲೆನ್ಸ್. ಇಂದಿಗೂ ಆ ಬೆಲೆಗೆ ಅಷ್ಟು ಚೊಕ್ಕವಾದ ನೋಟ ಬೇರೆಯದರಲ್ಲಿ ಸಿಗುವುದು ಕಷ್ಟ.

ಮುಂದೆ ದುಡ್ಡು ಕೂಡಿದಾಗ 24 ಎಂಎಂ, 68 ಡಿಗ್ರಿಯದ್ದು ನೋಡು. ಅದೂ 27 ಎಂಎಂ ಉಂಗುರವನ್ನು ಪೂರ್ತಿ ಬಳಸುತ್ತದೆ. ಅದೇ 2.4 ಡಿಗ್ರಿ ಆಕಾಶ, ಆದರೆ ಪವರ್ 27, ಎಕ್ಸಿಟ್ ಪ್ಯೂಪಿಲ್ 4.8. ಊರೊಳಗೆ ಹಿನ್ನೆಲೆ ಇನ್ನೂ ಕಪ್ಪಗಿರುತ್ತದೆ, ಮಂಕು ನಕ್ಷತ್ರಗಳು ಜಾಸ್ತಿ ಸಿಗುತ್ತವೆ. ಈಗಲೇ ಬೇಕೆಂದೇನೂ ಇಲ್ಲ.

ಒಂದು ಅಭ್ಯಾಸ ಮಾಡು. ಓರಿಯನ್ ಬೆಲ್ಟಿನ ಮೂರು ನಕ್ಷತ್ರಗಳಲ್ಲಿ ಪಶ್ಚಿಮದ ಕಡೆಯದು ಮಿಂಟಾಕ. ಅದು ಹೆಚ್ಚುಕಡಿಮೆ ಆಕಾಶದ ಸಮಭಾಜಕದ ಮೇಲೆಯೇ ಇದೆ. ದೂರದರ್ಶಕ ಅಲ್ಲಾಡಿಸದೆ, ಅದು ಐಪೀಸಿನ ನಡುವಿನಿಂದ ಹಾದು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗಲು ಎಷ್ಟು ಹೊತ್ತು ಅಂತ ಫೋನಿನಲ್ಲಿ ಅಳೆ. ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ. 2.4 ಡಿಗ್ರಿ ನಿಜವಾಗಿದ್ದರೆ ಒಂಬತ್ತೂವರೆ ನಿಮಿಷ ಬರಬೇಕು. ಡಬ್ಬಿಯ ಮೇಲೆ ಬರೆದ ಡಿಗ್ರಿ ನಿಜವೋ ಸುಳ್ಳೋ ನಿನಗೇ ಗೊತ್ತಾಗುತ್ತದೆ.

ಪ್ರಶ್ನೆ, ಬೆಂಗಳೂರಿನಿಂದ

ನನ್ನದು 127 ಎಂಎಂ ಮಕ್ಸುಟೋವ್ (ಲೆನ್ಸ್, ಕನ್ನಡಿ ಎರಡೂ ಇರುವ ಗಿಡ್ಡ ದೂರದರ್ಶಕ), 1500 ಎಂಎಂ. ಅಪಾರ್ಟ್‌ಮೆಂಟ್ ಬಾಲ್ಕನಿ. ನನಗೂ 32 ಎಂಎಂ ಸಾಕಾ?

ಉತ್ತರ

ಸಾಕು. ಒಂದು ಡಿಗ್ರಿ ಸಿಗುತ್ತದೆ, ಅದರಾಚೆ ಆ ದೂರದರ್ಶಕದಿಂದ ನಿರೀಕ್ಷಿಸಬೇಡಿ. ಅದು ಚಂದ್ರ, ಗ್ರಹ, ಜೋಡಿ ನಕ್ಷತ್ರಗಳಿಗೆ ಮಾಡಿದ್ದು, ಅದರಲ್ಲಿ ಅದು ಬಹಳ ಚೆನ್ನಾಗಿದೆ. ಅಗಲ ಆಕಾಶದ ಆಸೆಗೆ ಅದೇ ದುಡ್ಡಿನಲ್ಲಿ 10x50 ಬೈನಾಕ್ಯುಲರ್ ತೆಗೆದುಕೊಳ್ಳಿ. ಐದಾರು ಡಿಗ್ರಿ ಒಟ್ಟಿಗೇ ಕಾಣುತ್ತದೆ.

ಪ್ರಶ್ನೆ, ಶಿವಮೊಗ್ಗದಿಂದ

10 ಇಂಚಿನ ಡಾಬ್, ಎಫ್ 4.9. 2 ಇಂಚಿನ 38 ಎಂಎಂ, 70 ಡಿಗ್ರಿ ಐಪೀಸ್ ತಗೊಂಡಿದ್ದೇನೆ, ಅಗ್ಗದ್ದು. ನಡುವೆ ಚೆನ್ನಾಗಿದೆ. ಅಂಚಿನಲ್ಲಿ ನಕ್ಷತ್ರಗಳು ರೆಕ್ಕೆ ಬಿಚ್ಚಿದ ಹಕ್ಕಿಗಳ ಹಾಗೆ ಕಾಣುತ್ತವೆ. ಕೆಲವರು ಕನ್ನಡಿಯ ಕೋಮಾ (ಅಂಚಿನ ನಕ್ಷತ್ರ ಬಾಲದಂತೆ ಹರಡುವ ದೋಷ) ಅಂತಾರೆ, ಅದನ್ನು ಸರಿಮಾಡುವ ಲೆನ್ಸ್, ಕೋಮಾ ಕರೆಕ್ಟರ್ ಕೊಳ್ಳಿ ಅಂತಾರೆ.

ಉತ್ತರ

ಕರೆಕ್ಟರ್‌ಗೆ ದುಡ್ಡು ಹಾಕುವ ಮುಂಚೆ ತಪ್ಪು ಯಾರದ್ದು ಅಂತ ಪತ್ತೆಮಾಡಿ. ನಕ್ಷತ್ರವೊಂದನ್ನು ಅಂಚಿಗೆ ತನ್ನಿ. ಫೋಕಸರನ್ನು ನಿಧಾನಕ್ಕೆ ಒಳಗೆ, ಹೊರಗೆ ಆಡಿಸಿ.

ಆ ಜಾಗದಲ್ಲಿ ನಕ್ಷತ್ರ ಮತ್ತೆ ಚುಕ್ಕಿಯಾಗಿ ಚೂಪಾದರೆ ಅದು ಫೀಲ್ಡ್ ಕರ್ವೇಚರ್, ಅಂದರೆ ನಡುವಿಗೂ ಅಂಚಿಗೂ ಫೋಕಸ್ ಬೇರೆಬೇರೆ. ಫೋಕಸ್ ಒಂದು ಬದಿಗೆ ಹೋದಾಗ ಗೆರೆಯಾಗಿ, ಇನ್ನೊಂದು ಬದಿಗೆ ಹೋದಾಗ ಅದಕ್ಕೆ ಅಡ್ಡಗೆರೆಯಾಗಿ ತಿರುಗಿದರೆ ಐಪೀಸಿನ ಅಸ್ಟಿಗ್ಮಾಟಿಸಂ. ಗೆರೆ ತಿರುಗದೆ, ನಡುವಿನ ಕಡೆ ಚೂಪಾಗಿ ಹೊರಗಡೆ ಪೊರಕೆಯಂತೆ ಹರಡಿದರೆ ಅದು ಕನ್ನಡಿಯ ಕೋಮಾ.

ನೀವು ಹೇಳಿದ ಹಕ್ಕಿಯ ಆಕಾರ ನೋಡಿದರೆ ಐಪೀಸೇ ಕಾರಣ ಅಂತ ನನಗೆ ಅನಿಸುತ್ತದೆ. ಎಫ್ 4.9ರಲ್ಲಿ ಬೆಳಕು ಬಹಳ ಓರೆಯಾಗಿ ಐಪೀಸಿಗೆ ಬೀಳುತ್ತದೆ, ಅಗ್ಗದ ಅಗಲ ಐಪೀಸ್‌ಗಳು ಅದನ್ನು ತಾಳಲಾರವು. ಅದೇ ಐಪೀಸನ್ನು ಎಫ್ 10 ದೂರದರ್ಶಕಕ್ಕೆ ಹಾಕಿದರೆ ಅಂಚಿನವರೆಗೂ ಹೆಚ್ಚುಕಡಿಮೆ ಚೊಕ್ಕವಾಗಿ ಕಾಣುತ್ತದೆ. ಐಪೀಸಿನ ಈ ದೋಷವನ್ನು ಕೋಮಾ ಕರೆಕ್ಟರ್ ಸರಿಮಾಡುವುದಿಲ್ಲ. ಜೊತೆಗೆ 38ನ್ನು 4.9ರಿಂದ ಭಾಗಿಸಿ ನೋಡಿ. ಎಕ್ಸಿಟ್ ಪ್ಯೂಪಿಲ್ 7.8. ಯಾರ ಕಣ್ಣಿಗೂ ಅಷ್ಟು ಬೇಡ. ಆಗುವುದಾದರೆ ಅದನ್ನು ಮಾರಿ, ಒಳ್ಳೆಯ 28ರಿಂದ 30 ಎಂಎಂ ಕೊಳ್ಳಿ. ವೇಗದ (ಎಫ್ ಸಂಖ್ಯೆ ಕಡಿಮೆ ಇರುವ) ಕನ್ನಡಿ ಇರುವವರು ಎರಡು ಅಗ್ಗದ ಐಪೀಸ್ ಬದಲು ಒಂದು ಒಳ್ಳೆಯದನ್ನು ಕೊಳ್ಳುವುದೇ ಲಾಭ.

ಶಿವಮೊಗ್ಗದ ಸದಸ್ಯರು

ಇನ್ನೊಂದು. ಸಂಜೆ ಬೆಳಕಿರುವಾಗಲೇ ಚಂದ್ರನನ್ನು ನೋಡಿದರೆ ನಡುವೆ ಒಂದು ಕಪ್ಪು ಮಚ್ಚೆ ತೇಲುತ್ತದೆ. ಲೆನ್ಸಿನಲ್ಲಿ ಕೊಳೆಯಾ?

ಉತ್ತರ

ಕೊಳೆಯಲ್ಲ. ನಿಮ್ಮ ಡಾಬ್‌ನ ಬೆಳಕನ್ನು ಫೋಕಸರ್ ಕಡೆಗೆ ತಿರುಗಿಸುವ ಚಿಕ್ಕ ಕನ್ನಡಿಯ ನೆರಳು. ಬೆಳಕಿನಲ್ಲಿ ಪಾಪೆ ಎರಡು, ಮೂರು ಎಂಎಂಗೆ ಮುಚ್ಚಿಕೊಂಡಿರುತ್ತದೆ, 7.8 ಎಂಎಂ ಕಂತೆಯ ನಡುವಿನ ನೆರಳೇ ಸುಮಾರು 2 ಎಂಎಂ. ಚಂದ್ರನಿಗೆ ಪವರ್ ಜಾಸ್ತಿ ಮಾಡಿ, ಹೋಗುತ್ತದೆ.

ಪ್ರಶ್ನೆ, ಮಂಗಳೂರಿನಿಂದ

ಮೇಡಂ, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ನನ್ನ ಐಪೀಸ್ ಒಳಗೆ ಜೇಡರ ಬಲೆಯಂಥ ಎಳೆಗಳು ಬಂದಿವೆ. ಹೊಸದು ಕೊಂಡರೆ ಉಳಿಸಿಕೊಳ್ಳುವುದು ಹೇಗೆ?

ಉತ್ತರ

ಅದು ಫಂಗಸ್. ಕರಾವಳಿ, ಮಲೆನಾಡಿನವರು ಐಪೀಸ್ ಆರಿಸುವಷ್ಟೇ ಗಮನ ಇದಕ್ಕೂ ಕೊಡಬೇಕು. ಬಿಟ್ಟರೆ ಎಳೆಗಳು ಲೆನ್ಸಿನ ಲೇಪವನ್ನೇ ತಿನ್ನುತ್ತವೆ, ಆಮೇಲೆ ಒರೆಸಿದರೂ ಕಲೆ ಉಳಿಯುತ್ತದೆ.

ಐಪೀಸಿನ ಜೊತೆ ಬರುವ ಚರ್ಮದ ಚೀಲ, ಸ್ಪಂಜಿನ ಪೆಟ್ಟಿಗೆ ಮಳೆಗಾಲದಲ್ಲಿ ತೇವ ಹಿಡಿದಿಡುತ್ತವೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಬಣ್ಣ ಬದಲಾಗುವ ಜೆಲ್ ಕೊಳ್ಳಿ, ಬದಲಾದಾಗ ಬಿಸಿಮಾಡಿ ಒಣಗಿಸಿ ಮತ್ತೆ ಬಳಸಬಹುದು. ಅಡುಗೆ ಪಾತ್ರೆಯಲ್ಲಿ ಮಾತ್ರ ಬಿಸಿಮಾಡಬೇಡಿ, ನೀಲಿ ಜೆಲ್‌ನಲ್ಲಿರುವ ಕೋಬಾಲ್ಟ್ ಲವಣ ವಿಷ. ಐಪೀಸ್‌ಗಳು ಜಾಸ್ತಿ ಇದ್ದರೆ ಫೋಟೋಗ್ರಾಫರ್‌ಗಳು ಇಟ್ಟುಕೊಳ್ಳುವ ಡ್ರೈ ಕ್ಯಾಬಿನೆಟ್ ಒಳ್ಳೆಯದು. ತೇವಾಂಶ 40ರಿಂದ 50 ಪ್ರತಿಶತ ಇರಲಿ.

ರಾತ್ರಿ ನೋಡಿ ಮುಗಿಸಿದಾಗ ಐಪೀಸ್ ಮೇಲೆ ಇಬ್ಬನಿ ಕೂತಿದ್ದರೆ ಹಾಗೇ ಮುಚ್ಚಳ ಹಾಕಬೇಡಿ. ಒಳಗೆ ತಂದು, ಫ್ಯಾನ್ ಕೆಳಗೆ ಪೂರ್ತಿ ಒಣಗಲು ಬಿಟ್ಟು ಆಮೇಲೆ ಡಬ್ಬಿಗೆ ಹಾಕಿ. ಒರೆಸುವುದಿದ್ದರೆ ಮೊದಲು ಬ್ಲೋವರ್‌ನಿಂದ ಧೂಳು ಹಾರಿಸಿ, ನಂತರ ಲೆನ್ಸ್ ಟಿಶ್ಯೂಗೆ ಎರಡು ಹನಿ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಹಗುರವಾಗಿ. ಅಂಗಿಯ ತುದಿಯಿಂದ ಬೇಡವೇ ಬೇಡ.

ಈಗಿರುವುದು ಪ್ಲಾಸಲ್ ಆಗಿದ್ದರೆ ಬಿಚ್ಚಿ ತೊಳೆಯಬಹುದು. ಯಾವ ಲೆನ್ಸ್ ಯಾವ ಕಡೆಗೆ ಮುಖಮಾಡಿತ್ತು ಅಂತ ಒಂದೊಂದಕ್ಕೂ ಫೋಟೋ ತೆಗೆದಿಟ್ಟುಕೊಳ್ಳಿ. ಆರೇಳು ಲೆನ್ಸ್ ಇರುವ ಅಗಲ ಐಪೀಸ್ ಆಗಿದ್ದರೆ ಬಿಚ್ಚಬೇಡಿ, ಕೆಲಸ ಬಲ್ಲವರ ಕೈಗೆ ಕೊಡಿ. ಮತ್ತು ಹೊಸದನ್ನು ಈ ಹಳೆಯದರ ಜೊತೆ ಒಂದೇ ಡಬ್ಬಿಯಲ್ಲಿ ಇಡಬೇಡಿ.